ಬೆಳ್ಳಿ ತೀರಿಸಿದ ಸಾಲ

ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ನಾನು ಮೂರು ಸಲ ಓದಿದ್ದೇನೆ. ಮೊದಲ ಸಲ ಬಿ.ಎ. ತರಗತಿಯಲ್ಲಿ, ಪರೀಕ್ಷೆಗಾಗಿ. ಎರಡನೆಯ ಸಲ ಶಾಲೆಗೆ ಸೇರಿದ ಮೇಲೆ, ಒಬ್ಬ ಹುಡುಗಿಯ ಕಾರಣಕ್ಕಾಗಿ. ಮೂರನೆಯ ಸಲ ಈಚೆಗೆ, ಅಮೆರಿಕದ ಇತಿಹಾಸದ ಪಾಠ ಮಾಡುವಾಗ ಮಕ್ಕಳು ಕೇಳಿದ ಒಂದು ಪ್ರಶ್ನೆಗಾಗಿ. ಪುಸ್ತಕ ಅದೇ, ಓದುವವಳೂ ನಾನೇ. ಆದರೂ ಮೂರು ಸಲವೂ ನನಗೆ ಕಂಡ ಕತೆ ಒಂದೇ ಆಗಿರಲಿಲ್ಲ.

ಮೊದಲ ಓದಿನ ಮಾತು ಹೆಚ್ಚೇನಿಲ್ಲ. 1933ರಲ್ಲಿ ಬಂದ ಈ ಕಾದಂಬರಿಯ ಕತೆ ನಿಮಗೆ ಗೊತ್ತಿರುವುದೇ. ದಕ್ಷಿಣ ಕನ್ನಡದ ಅಸ್ಪೃಶ್ಯ ಚೋಮನಿಗೆ ಒಂದು ಜೊತೆ ಎತ್ತುಗಳಿವೆ, ಉಳಲು ಅಂಗೈಯಗಲ ಭೂಮಿಯಿಲ್ಲ. ಧಣಿ ಸಂಕಪ್ಪಯ್ಯನ ಮನಸ್ಸು ಒಮ್ಮೆ ಕರಗಿದರೂ ಮನೆಯ ಹಿರಿಯಾಕೆ, ಅವನ ತಾಯಿ, ಬಿಡುವುದಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಾರೆ. ಚನಿಯ ಜ್ವರಕ್ಕೆ ಸಾಯುತ್ತಾನೆ, ಗುರುವ ಕ್ರಿಸ್ತರ ಹುಡುಗಿಯ ಹಿಂದೆ ಹೊರಟುಹೋಗುತ್ತಾನೆ. ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿದ್ದವರಿಗೆ ಅವನ ಪ್ರಾಣಕ್ಕಿಂತ ತಮ್ಮ ಮಡಿ ದೊಡ್ಡದಾಗುತ್ತದೆ. ಕೊನೆಗೆ ಚೋಮ ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ. ನಮ್ಮ ಕಾಲೇಜಿನ ಟಿಪ್ಪಣಿಗಳಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: 'ಚೋಮನ ದುರಂತಕ್ಕೆ ಕಾರಣಗಳನ್ನು ವಿವರಿಸಿ.' ನಾನು ಭೂಮಿಯ ಹಸಿವಿನ ಬಗ್ಗೆ ನಾಲ್ಕು ಪುಟ ಬರೆದೆ, ಒಳ್ಳೆಯ ಅಂಕವೂ ಬಂತು. ಆಮೇಲೆ ಬಿ.ವಿ. ಕಾರಂತರ ಚಲನಚಿತ್ರವನ್ನು ದೂರದರ್ಶನದಲ್ಲಿ ನೋಡಿದೆ. 1975ರ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಸಿಕ್ಕಿತ್ತು, ಚೋಮನಾಗಿದ್ದ ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ. ಮನೆಮಂದಿಯೆಲ್ಲ ಕಣ್ಣೊರೆಸಿಕೊಂಡೆವು. ಅತ್ತದ್ದು ಚೋಮನಿಗಾಗಿ.

ಎರಡನೆಯ ಓದಿಗೆ ಕಾರಣಳಾದ ಹುಡುಗಿಯ ವಿಷಯ ಹೇಳಬೇಕು.

ಆಗ ನನಗೆ ಏಳನೆಯ ತರಗತಿಯ ಜವಾಬ್ದಾರಿ. ದಾಬಸ್‌ಪೇಟೆ ಹೆದ್ದಾರಿಯ ಮೇಲಿನ ಊರು. ಒಂದು ಕಡೆ ಶಿವಗಂಗೆಯ ಬೆಟ್ಟ, ಇನ್ನೊಂದು ಕಡೆ ಹಗಲೂ ರಾತ್ರಿ ತುಮಕೂರಿಗೂ ಬೆಂಗಳೂರಿಗೂ ಓಡುವ ಲಾರಿಗಳು. ಕಲ್ಲು, ಜಲ್ಲಿ, ಇಟ್ಟಿಗೆ, ಜನ, ಎಲ್ಲವೂ ಈ ದಾರಿಯಲ್ಲೇ ಸಾಗಬೇಕು. ನನ್ನ ತರಗತಿಯಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ ಹುಡುಗಿಯೊಬ್ಬಳಿದ್ದಳು. ದೀಪಾವಳಿ ರಜೆ ಮುಗಿದರೂ ಅವಳು ಬರಲಿಲ್ಲ. ಹದಿನೈದು ದಿನ ಕಾದು ಮನೆಗೆ ಹೋದೆ. ಅಜ್ಜಿಯೊಬ್ಬಳೇ ಇದ್ದಳು. "ಇಟ್ಟಿಗೆ ಗೂಡಿಗೆ ಹೋಗವ್ರೆ ಕಣಮ್ಮ. ಅಡ್ವಾನ್ಸ್ ಈಸ್ಕಂಡಿದ್ನಲ್ಲ ಅವರಪ್ಪ, ಈಗ ಅವನಿಗೆ ಮೈ ಸರಿಯಿಲ್ಲ. ಅದು ತೀರಗಂಟ ಮಗಾನೇ ಮಣ್ಣು ತುಳೀಬೇಕು" ಎಂದಳು. ಯಾವ ಊರಿನ ಗೂಡು ಎಂದು ಕೇಳಿದರೆ ಕೈಯನ್ನು ರಸ್ತೆಯ ಕಡೆಗೆ ಬೀಸಿದಳು.

ನಾನು ಶಾಲೆಗೆ ಬಂದು ಹಾಜರಿ ಪುಸ್ತಕದಲ್ಲಿ 'ದೀರ್ಘ ಗೈರುಹಾಜರಿ' ಎಂದು ಬರೆದೆ. ಕೆಲವು ತಿಂಗಳ ನಂತರ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದೆ. ಬಡವರ ಮನೆಯ ಕಷ್ಟ, ನಾವೇನು ಮಾಡಲಾದೀತು ಎಂದು ಸಹೋದ್ಯೋಗಿಗಳೊಡನೆ ಮಾತಾಡಿಕೊಂಡದ್ದೂ ನೆನಪಿದೆ. ಅದು ಕಷ್ಟ ಮಾತ್ರವಲ್ಲ, ಅಪರಾಧ ಎಂಬುದು ನನಗೆ ಹೊಳೆಯಲಿಲ್ಲ. ಬಿ.ಎ. ಮಾಡಿದವಳು, ಬಿ.ಇಡಿ. ಮಾಡಿದವಳು, ಪ್ರತಿವರ್ಷ ಮೂಲಭೂತ ಹಕ್ಕುಗಳ ಪಾಠ ಮಾಡುವವಳು ನಾನು.

ಎರಡು ವರ್ಷ ಕಳೆದು ಶಿಕ್ಷಕರ ತರಬೇತಿಯೊಂದರಲ್ಲಿ 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯ ಪುಸ್ತಿಕೆ ಕೈಗೆ ಬಂತು. ಊಟದ ವಿರಾಮದಲ್ಲಿ ಸುಮ್ಮನೆ ತಿರುವಿದೆ. ಕಾನೂನಿನ ಭಾಷೆ ಒಣಗಿದ ಸೌದೆಯ ಹಾಗಿರುತ್ತದೆ ಎಂದುಕೊಂಡಿದ್ದ ನನಗೆ ಅದರ ಎರಡನೆಯ ಕಲಮಿನಲ್ಲಿರುವ ವ್ಯಾಖ್ಯೆ ಬೆಂಕಿಯ ಹಾಗೆ ತಗುಲಿತು. ಮುಂಗಡ ಪಡೆದದ್ದಕ್ಕೆ ಪ್ರತಿಯಾಗಿ ಸಾಲಗಾರ ತಾನೇ ದುಡಿಯಲಿ ಅಥವಾ ಅವನ ಕುಟುಂಬದವರು ದುಡಿಯಲಿ, ಕೂಲಿಯಿಲ್ಲದೆ ಅಥವಾ ಹೆಸರಿಗಷ್ಟು ಕೂಲಿಗೆ ದುಡಿಯುವುದು, ಬೇರೆ ಕಡೆ ಹೋಗುವ, ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದು, ಇದೆಲ್ಲ ಜೀತ ಎನ್ನುತ್ತದೆ ಕಾಯಿದೆ. ಸಾಲ ಅವನದೇ ಆಗಬೇಕಿಲ್ಲ, ಅಪ್ಪ ತಾತ ಮಾಡಿದ್ದೂ ಆಗಬಹುದು. ಸಾಲವೇ ಇಲ್ಲದೆ ಇಂಥ ಜಾತಿಯಲ್ಲಿ ಹುಟ್ಟಿದ್ದಕ್ಕೆ ದುಡಿಯಬೇಕಾದರೆ ಅದೂ ಜೀತವೇ. ಇಂಥ ಸಾಲವೆಲ್ಲ ರದ್ದು. ಮುಂಗಡ ಜೀತದ್ದಲ್ಲ ಎಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನೇ ಹೊರತು ಕೂಲಿಯವನಲ್ಲ. ತಪ್ಪಿತಸ್ಥನಿಗೆ ಮೂರು ವರ್ಷದವರೆಗೆ ಸೆರೆವಾಸ.

'ಕುಟುಂಬದವರು' ಎಂಬ ಆ ಒಂದು ಪದದಲ್ಲಿ ನನ್ನ ಹುಡುಗಿ ಇದ್ದಳು. ಊರಿಗೆ ಬಂದು ವಿಚಾರಿಸಿದೆ. ಅಜ್ಜಿ ತೀರಿಕೊಂಡಿದ್ದಳು, ಮನೆಗೆ ಬೀಗ. ಅವರು ಎಲ್ಲಿದ್ದಾರೆಂದು ಯಾರಿಗೂ ತಿಳಿದಿರಲಿಲ್ಲ.

ಆ ವಾರ 'ಚೋಮನ ದುಡಿ'ಯನ್ನು ಮತ್ತೆ ಕೈಗೆತ್ತಿಕೊಂಡೆ. ಈ ಸಲ ಭೂಮಿಯ ಬದಲು ಸಾಲದ ಜಾಡು ಹಿಡಿದು ಓದಿದೆ. ಚೋಮನ ತಲೆಯ ಮೇಲೆ ಘಟ್ಟದ ಕಾಫಿ ತೋಟದವರ ಸಾಲವಿದೆ. ಅದನ್ನು ತೀರಿಸಲು ಮೊದಲು ಗಂಡುಮಕ್ಕಳು ಹೋಗುತ್ತಾರೆ. ಒಬ್ಬ ಜ್ವರ ಹೊತ್ತು ತರುತ್ತಾನೆ, ಇನ್ನೊಬ್ಬ ಬರುವುದೇ ಇಲ್ಲ. ಸಾಲ ಇದ್ದಲ್ಲೇ ಇರುತ್ತದೆ. ಆಗ ಹೋಗುವವಳು ಮಗಳು ಬೆಳ್ಳಿ. ತೋಟದ ಮನ್ವೇಲನ ಕಣ್ಣು, ಆಮೇಲೆ ಧಣಿಯ ಕಣ್ಣು ಅವಳ ಮೇಲೆ ಬೀಳುತ್ತದೆ. ಅವಳು ಮನೆಗೆ ಮರಳುವಾಗ ಸಾಲ ತೀರಿರುತ್ತದೆ. ಹೇಗೆ ತೀರಿತೆಂಬುದು ನಮಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ.

ನೋಡಿ, ಇಡೀ ಕಾದಂಬರಿಯಲ್ಲಿ ಚೋಮನ ಮನೆಗೆ ದಕ್ಕುವ ಬಿಡುಗಡೆ ಇದೊಂದೇ. ಅದನ್ನು ತಂದವಳು ಬೆಳ್ಳಿ. ಆದರೆ ನಮ್ಮ ಕಾಲೇಜಿನ ಟಿಪ್ಪಣಿಗಳಲ್ಲಿ ಅದಕ್ಕೆ ಬಳಸಿದ ಮಾತು 'ಬೆಳ್ಳಿಯ ಪತನ'. ಚೋಮ ದುಡಿದರೆ ಶೋಷಣೆ, ಬೆಳ್ಳಿ ದುಡಿದರೆ ಪತನ! ಅಪ್ಪನ ಸಾಲಕ್ಕೆ ಮೈಯೊಡ್ಡಬೇಕಾದ ಹುಡುಗಿಯ ಮೇಲೆ ಶೀಲದ ತಕ್ಕಡಿ ಹಿಡಿದೆವು. ನಾನೂ ಹಾಗೆಯೇ ಬರೆದಿದ್ದೆ. ಇದು ಕಾರಂತರ ತಪ್ಪಲ್ಲ. ಅವರು ಏನನ್ನೂ ಮುಚ್ಚಿಟ್ಟಿಲ್ಲ. ಸಾಲದಿಂದ ಕೂಲಿಗೆ, ಕೂಲಿಯಿಂದ ಮೈಗೆ ಹೋಗುವ ದಾರಿಯ ಒಂದೊಂದು ಮೆಟ್ಟಿಲನ್ನೂ ತೋರಿಸಿದ್ದಾರೆ. ಕಾಯಿದೆ 1976ರಲ್ಲಿ ಹೇಳಿದ್ದನ್ನು ಅವರು 43 ವರ್ಷ ಮೊದಲೇ ಬರೆದಿಟ್ಟಿದ್ದರು. ಓದಲು ಬಾರದವರು ನಾವು.

ಆದರೂ ಒಂದು ಆಕ್ಷೇಪವನ್ನು ಹೇಳದೆ ಇರಲಾರೆ. ಕಾದಂಬರಿ ಚೋಮನ ಸಾವಿಗೆ ನಿಲ್ಲುತ್ತದೆ. ಬೆಳ್ಳಿ ಮುಂದೆ ಏನಾದಳು ಎಂಬುದು ಓದುವವರಿಗೆ ಸಿಗುವುದಿಲ್ಲ. ಅಪ್ಪನಿಗೆ ದುಃಖ ಹೇಳಿಕೊಳ್ಳಲು ದುಡಿಯಾದರೂ ಇದೆ, ಮಗಳ ಕೈಯಲ್ಲಿ ಏನೂ ಇಲ್ಲ. ಹಾಜರಿ ಪುಸ್ತಕದಲ್ಲಿ ನಾನು ಎಳೆದ ಕೆಂಪು ಗೆರೆಯ ಆಚೆಗೆ ನನ್ನ ಹುಡುಗಿ ಏನಾದಳೋ ಅದೇ ಕತ್ತಲೆಯಲ್ಲಿ ಬೆಳ್ಳಿಯೂ ಇದ್ದಾಳೆ.

ಇನ್ನು ಮೂರನೆಯ ಓದು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ ಮಾಡುತ್ತಿದ್ದೆ. 1776ರ ಘೋಷಣೆಯನ್ನು ಬರೆದ ಜೆಫರ್ಸನ್ ಎಲ್ಲರೂ ಸಮಾನರಾಗಿ ಹುಟ್ಟುತ್ತಾರೆಂದು ಸಾರಿದರು ಎಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಅವರ ಮನೇಲಿ ಗುಲಾಮರಿದ್ರಾ?" ಇದ್ದರು, ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನ. "ಹಾಗಾದ್ರೆ ಅವರ ಸಂವಿಧಾನದಲ್ಲಿ ಗುಲಾಮರ ಬಗ್ಗೆ ಏನು ಬರೆದಿದ್ರು?" ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡು ಮನೆಗೆ ಬಂದು ಹುಡುಕಿದೆ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ 55 ಗಂಡಸರು ಕೂತು ಬರೆದ ಆ ಸಂವಿಧಾನದಲ್ಲಿ ಗುಲಾಮ ಎಂಬ ಪದವೇ ಇಲ್ಲ. ಆದರೆ ಗುಲಾಮಗಿರಿ ಮೂರು ಕಡೆ ಅಡಗಿ ಕೂತಿದೆ. ಪ್ರತಿನಿಧಿ ಸಭೆಯ ಸ್ಥಾನ ಹಂಚಲು ಜನಗಣತಿ ಮಾಡುವಾಗ ಸ್ವತಂತ್ರರಲ್ಲದ 'ಇತರ ವ್ಯಕ್ತಿ'ಗಳನ್ನು ಐದರಲ್ಲಿ ಮೂರು ಪಾಲಿನಷ್ಟು ಎಣಿಸಬೇಕು. ಹೊರಗಿನಿಂದ ಅಂಥವರನ್ನು ತರಿಸಿಕೊಳ್ಳುವುದನ್ನು 1808ರವರೆಗೆ ಶಾಸನಸಭೆ ನಿಷೇಧಿಸುವಂತಿಲ್ಲ. ದುಡಿಮೆಗೆ ಕಟ್ಟುಬಿದ್ದವರು ಓಡಿಹೋದರೆ ಹಿಡಿದವರು ಹಿಂದಿರುಗಿಸಬೇಕು. ಓಟಿಲ್ಲದ ಗುಲಾಮರ ತಲೆ ಎಣಿಸಿ ಅವರ ಒಡೆಯರಿಗೆ ಹೆಚ್ಚು ಸ್ಥಾನ ಕೊಟ್ಟರು. ಆ ಸ್ಥಾನಗಳಲ್ಲಿ ಕೂತವರು ಗುಲಾಮಗಿರಿಯನ್ನು ಕಾಯುವ ಕಾನೂನು ಮಾಡಿದರು. ಹೆಸರು ಹೇಳಲು ನಾಚಿಕೆ, ಬಿಡಲು ಮನಸ್ಸಿಲ್ಲ.

ಹೆಂಗಸರ ಪಾಲಿಗೆ ಇನ್ನೂ ಹಿಂದಿನ ಒಂದು ಶಾಸನವಿದೆ. 1662ರಲ್ಲಿ ವರ್ಜೀನಿಯಾದ ಸಭೆ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ ಎಂದು ವಿಧಿಸಿತು. ಇಂಗ್ಲೆಂಡಿನ ರೂಢಿಯಲ್ಲಿ ಮಗುವಿಗೆ ತಂದೆಯ ಸ್ಥಾನಮಾನ. ಇಲ್ಲಿ ಅದನ್ನು ತಿರುಗಿಸಿದರು. ಪರಿಣಾಮವೇನು? ಒಡೆಯ ತನ್ನ ಗುಲಾಮಳನ್ನು ಕೆಡಿಸಿದರೆ ಹುಟ್ಟುವ ಮಗುವೂ ಅವನ ಆಸ್ತಿ. ಶಾಸನಸಭೆಯ ಅಧಿಕಾರ ಹೆಣ್ಣಿನ ಗರ್ಭದೊಳಕ್ಕೂ ನುಗ್ಗಿತು. ಇದನ್ನು ಓದಿದಾಗ ಕಾಫಿ ತೋಟದ ಬೆಳ್ಳಿ ನನ್ನ ಎದುರು ಬಂದು ನಿಂತಳು.

ಅಲ್ಲಿಯ ಒಬ್ಬ ಬೆಳ್ಳಿ ತನ್ನ ಕತೆಯನ್ನು ತಾನೇ ಬರೆದಳು ಎಂಬುದೂ ಆಗಲೇ ಗೊತ್ತಾಯಿತು. ಹ್ಯಾರಿಯೆಟ್ ಜೇಕಬ್ಸ್ ಎಂಬಾಕೆ ಒಡೆಯನ ಕಾಟ ತಾಳಲಾರದೆ ಅಜ್ಜಿಯ ಮನೆಯ ಅಟ್ಟದಲ್ಲಿ, ನೆಟ್ಟಗೆ ನಿಲ್ಲಲೂ ಆಗದ ಜಾಗದಲ್ಲಿ, ಸುಮಾರು ಏಳು ವರ್ಷ ಅಡಗಿದ್ದಳು. ತಪ್ಪಿಸಿಕೊಂಡು ಉತ್ತರಕ್ಕೆ ಹೋಗಿ, 1861ರಲ್ಲಿ ಬೇರೆ ಹೆಸರಿನಲ್ಲಿ ಆತ್ಮಕಥೆಯನ್ನು ಅಚ್ಚು ಹಾಕಿಸಿದಳು. ಅವಳಿಗೆ ಒಡೆಯನ ಭಯದಷ್ಟೇ ಇದ್ದ ಇನ್ನೊಂದು ಭಯ ಓದುವ ಹೆಂಗಸರದು. ಶೀಲದ ಮಾತೆತ್ತಿ ತನ್ನನ್ನು ತೂಗಿಬಿಡುತ್ತಾರೆಂದು. ತನ್ನಂಥವಳನ್ನು ಸ್ವತಂತ್ರ ಹೆಂಗಸರ ಅಳತೆಗೋಲಿನಿಂದ ಅಳೆಯಬೇಡಿ ಎಂದು ಆಕೆ ಕೇಳಿಕೊಂಡಳು. 'ಬೆಳ್ಳಿಯ ಪತನ' ಎಂದು ಬರೆದ ನಾನು ಈ ಮಾತನ್ನು ಓದಿ ತಲೆ ತಗ್ಗಿಸಿದೆ.

ಎಲ್ಲ ಹೆಂಗಸರೂ ತಕ್ಕಡಿ ಹಿಡಿದು ಕೂರಲಿಲ್ಲ ಎಂಬುದು ಸಮಾಧಾನದ ಸಂಗತಿ. 1830ರ ದಶಕದಲ್ಲಿ ಓಟಿನ ಹಕ್ಕೇ ಇಲ್ಲದ ಸಾವಿರಾರು ಹೆಂಗಸರು ಮನೆಮನೆ ಸುತ್ತಿ ಸಹಿ ಕೂಡಿಸಿ ಗುಲಾಮಗಿರಿಯ ವಿರುದ್ಧ ಅಮೆರಿಕದ ಸಂಸತ್ತಿಗೆ ಮನವಿ ಕಳಿಸಿದರು. ಎಷ್ಟು ಬಂದವೆಂದರೆ, ಇಂಥ ಮನವಿಗಳನ್ನು ಚರ್ಚಿಸದೆ ಬದಿಗಿಡಬೇಕೆಂದು ಪ್ರತಿನಿಧಿ ಸಭೆ 1836ರಲ್ಲಿ ನಿಯಮ ಮಾಡಿತು. ಹಿಂದೆ ಅಧ್ಯಕ್ಷರಾಗಿದ್ದು ಆಮೇಲೆ ಸಾಮಾನ್ಯ ಸದಸ್ಯರಾಗಿ ಬಂದಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಎಂಟು ವರ್ಷ ಹೋರಾಡಿ 1844ರಲ್ಲಿ ಆ ನಿಯಮ ತೆಗೆಸಿದರು. ಗುಲಾಮರನ್ನಿಟ್ಟುಕೊಂಡ ಮನೆಯಲ್ಲೇ ಹುಟ್ಟಿ ಅದನ್ನು ತೊರೆದು ಬಂದ ಆಂಜಲೀನಾ ಗ್ರಿಮ್ಕೆ 1838ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯ ಮುಂದೆ ನಿಂತು ಮಾತಾಡಿದರು. ಅಮೆರಿಕದ ಶಾಸನಸಭೆಯೊಂದರ ಎದುರು ಮಾತಾಡಿದ ಮೊದಲ ಹೆಂಗಸು ಆಕೆ. ಕೊನೆಗೆ ಲಕ್ಷಾಂತರ ಜನ ಸತ್ತ ಅಂತರ್ಯುದ್ಧವಾಗಿ, 1865ರ 13ನೇ ತಿದ್ದುಪಡಿಯಲ್ಲಿ ಗುಲಾಮಗಿರಿ ಎಂಬ ಪದ ಮೊದಲ ಸಲ ಅವರ ಸಂವಿಧಾನದೊಳಕ್ಕೆ ಬಂತು, ನಿಷೇಧಿಸುವುದಕ್ಕಾಗಿ. ಈ ಬಿಡುಗಡೆಯನ್ನು ಮೆಚ್ಚಿ ನಮ್ಮ ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ 'ಗುಲಾಮಗಿರಿ' ಗ್ರಂಥವನ್ನು ಅಮೆರಿಕದ ಜನತೆಗೆ ಅರ್ಪಿಸಿದರು.

ಮರುದಿನ ತರಗತಿಯಲ್ಲಿ ಇಷ್ಟು ಹೇಳಿ, ನಮ್ಮ ಸಂವಿಧಾನ ಹೀಗಲ್ಲ ಎಂದು ಹೆಮ್ಮೆಯಿಂದಲೇ ಹೇಳಿದೆ. ಅದು ನಿಜ. ನಮ್ಮ ಸಂವಿಧಾನ ಸಭೆಯಲ್ಲಿ 15 ಜನ ಹೆಂಗಸರಿದ್ದರು, ಅವರಲ್ಲಿ ದಾಕ್ಷಾಯಿಣಿ ವೇಲಾಯುಧನ್ ದಲಿತ ಮಹಿಳೆ. ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರು. 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬೇಗಾರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ಇಂಗ್ಲಿಷಿನಲ್ಲಿ ಬರೆದ ಸಂವಿಧಾನದ ನಡುವೆ 'ಬೇಗಾರ್' ಎಂಬ ನಮ್ಮ ನೆಲದ ಪದ ಹಾಗೆಯೇ ಕೂತಿದೆ. ಅವರು ಹೆಸರನ್ನು ಮರೆಮಾಚಿದರು, ನಾವು ಹೆಸರಿಟ್ಟು ಕರೆದೆವು. 1976ರ ಕಾಯಿದೆ ಇನ್ನೂ ಮುಂದೆ ಹೋಗಿ ದೇಶದ ಮೂಲೆಮೂಲೆಗಳ ಪದ್ಧತಿಗಳ ಹೆಸರನ್ನು ಪಟ್ಟಿ ಮಾಡಿದೆ. ಅದರಲ್ಲಿ ವೆಟ್ಟಿ ಇದೆ, ಪಾಲೇರು ಇದೆ, ನಮ್ಮ 'ಜೀತ' ಇದೆ. ನಮ್ಮ ಕಡೆಯ ಒಂದು ಜಾತಿಯ ಹೆಸರೇ ಜೀತದ ಒಂದು ಬಗೆಯಾಗಿ ಆ ಪಟ್ಟಿಯಲ್ಲಿದೆ ಎಂಬುದನ್ನು ಓದಿದಾಗ ಮಾತ್ರ ಎದೆ ಭಾರವಾಗುತ್ತದೆ.

ಜೀತ ಎಂಬ ಪದದ ಕತೆಯೂ ವಿಚಿತ್ರವೇ. ನಮ್ಮ ಶಾಲೆಯಲ್ಲಿ ತೆಲುಗು ಮನೆಮಾತಿನ ಸಹೋದ್ಯೋಗಿಯೊಬ್ಬರಿದ್ದರು. ತಿಂಗಳ ಕೊನೆಯಲ್ಲಿ ಫೋನಿನಲ್ಲಿ 'ಜೀತಂ ಬಂತೇ' ಎಂಬರ್ಥದ ಮಾತಾಡಿದರೆ ನಾವು ನಗುತ್ತಿದ್ದೆವು. ತೆಲುಗಿನಲ್ಲಿ ಅದು ಇಂದಿಗೂ ಸಂಬಳ. ಹಳೆಯ ಕನ್ನಡದಲ್ಲೂ ಜೀತವೆಂದರೆ ಸಂಬಳ, ಜೀವನಕ್ಕೆ ಕೊಟ್ಟದ್ದು. ಕೂಲಿಯ ಹೆಸರೇ ಕೂಲಿಯಿಲ್ಲದ ದುಡಿಮೆಗೆ ಅಂಟಿಕೊಂಡಿತು. ಇನ್ನು 'ಅಡ್ವಾನ್ಸ್' ಎಂಬ ಪದ ಕೇಳಲು ಎಷ್ಟು ಗೌರವದ್ದಾಗಿದೆ ನೋಡಿ! ಅಮೆರಿಕದ 'ಇತರ ವ್ಯಕ್ತಿ'ಯ ಹಾಗೆ ಇದೂ ಮುಸುಕು ಹಾಕಿಕೊಂಡ ಪದ. ಕಾಯಿದೆ ಒಂದು ಹೆಸರನ್ನು ಹಿಡಿದರೆ ಜೀತ ಇನ್ನೊಂದು ಹೆಸರಿನಲ್ಲಿ ಓಡಾಡುತ್ತದೆ. ಅಜ್ಜಿ 'ಜೀತ' ಎಂದಿದ್ದರೆ ನಾನು ಬೆಚ್ಚುತ್ತಿದ್ದೆನೇನೋ. 'ಅಡ್ವಾನ್ಸ್' ಎಂದಳು, ನಾನು ಸುಮ್ಮನೆ ಬಂದೆ.

ನಮ್ಮ ಹೆಮ್ಮೆಗೆ ಇನ್ನೂ ಒಂದು ಕೊಕ್ಕೆಯಿದೆ. 35ನೇ ವಿಧಿ ಇಂಥ ಅಪರಾಧಗಳಿಗೆ ಶಿಕ್ಷೆ ವಿಧಿಸುವ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟು, ಆದಷ್ಟು ಬೇಗ ಮಾಡಿ ಎಂದಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಜೀತ ನಿರ್ಮೂಲನ ಕಾಯಿದೆ ಬರಲು 1950ರಿಂದ 26 ವರ್ಷ ಬೇಕಾಯಿತು. ಬಂದದ್ದೂ ಎಂಥ ಹೊತ್ತಿನಲ್ಲಿ? ತುರ್ತುಪರಿಸ್ಥಿತಿಯಲ್ಲಿ, 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಾಗಿ. ಜನರ ಹಕ್ಕುಗಳನ್ನು ಕಟ್ಟಿಹಾಕಿದ್ದ ಸರ್ಕಾರವೇ ಜೀತದ ಕಟ್ಟು ಬಿಚ್ಚುವ ಕಾನೂನು ಮಾಡಿತು. ಬೆಳ್ಳಿತೆರೆಯ ಮೇಲೆ ಚೋಮನೂ ಬಂದ ವರ್ಷ ಅದು. ಅದಕ್ಕೂ ಹಿಂದೆ, ಚೋಮನ ನಾಡು ಮದರಾಸು ಪ್ರಾಂತದಲ್ಲಿದ್ದಾಗ, 1843ರಲ್ಲೇ ಕಂಪನಿ ಸರ್ಕಾರ ತನ್ನ ಆಳ್ವಿಕೆಯ ಪ್ರದೇಶಗಳಲ್ಲಿ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆಯಿಲ್ಲ ಎಂದು ಕಾಯಿದೆ ಮಾಡಿತ್ತು. ಕಾನೂನಿನ ಪ್ರಕಾರ ಚೋಮ ಹುಟ್ಟುವ ಮುಂಚೆಯೇ ಸ್ವತಂತ್ರ! ಭೂಮಿಯಿಲ್ಲದ ಸ್ವಾತಂತ್ರ್ಯ ಸಾಲದ ಬಾಗಿಲಿಗೇ ಹೋಗಿ ನಿಲ್ಲುತ್ತದೆ ಎಂಬುದನ್ನು ಕಾಯಿದೆ ಹೇಳಲಿಲ್ಲ, ಕಾದಂಬರಿ ಹೇಳಿತು.

ಹಾಗೆಂದು ಕಾನೂನು ದಂಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಪಕ್ಕದ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆ 'ಊರುಕೇರಿ'ಯಲ್ಲಿ, ಎತ್ತುಗಳ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟು ಹೊಲ ಉಳುತ್ತಿದ್ದ ತಮ್ಮ ತಂದೆಯನ್ನು ಬಾಲ್ಯದಲ್ಲಿ ಕಂಡದ್ದನ್ನು ಬರೆದಿದ್ದಾರೆ. ಅಂಥವರ ಮಗ ಎರಡು ಅವಧಿಗೆ ವಿಧಾನ ಪರಿಷತ್ತಿನ ಸದಸ್ಯರಾಗಿ ವಿಧಾನಸೌಧದಲ್ಲಿ ಕೂತರು. ಸಂವಿಧಾನ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. 1982ರಲ್ಲಿ ಸುಪ್ರೀಂ ಕೋರ್ಟು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು 23ನೇ ವಿಧಿಯನ್ನು ವಿಸ್ತರಿಸಿ ಓದಿತು. 2016ರ ಪುನರ್ವಸತಿ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನೆರವಿದೆ. ಚೋಮನ ಸಾಲಕ್ಕಿಂತ ಬೆಳ್ಳಿಯ ಸಾಲ ಭಾರವೆಂದು ಸರ್ಕಾರದ ಕಡತವೂ ಕೊನೆಗೆ ಒಪ್ಪಿಕೊಂಡಿದೆ. ಕಡತದ ತನಕ ಬೆಳ್ಳಿ ಹೋಗಬೇಕಲ್ಲ? ಜಿಲ್ಲಾಧಿಕಾರಿಗೆ, ಜಾಗೃತಿ ಸಮಿತಿಗೆ ಯಾರಾದರೂ ಹೇಳಬೇಕಲ್ಲ? ಹೇಳಬೇಕಾದವರಲ್ಲಿ ಮೊದಲಿಗರು ಮಕ್ಕಳ ಹೆಸರು ಕೂಗುವ ನಮ್ಮಂಥವರು.

ಮೂರನೆಯ ಸಲ ಓದಿ ಮುಗಿಸಿದಾಗ ನನಗನ್ನಿಸಿದ್ದು ಇಷ್ಟು. 'ಚೋಮನ ದುಡಿ' ದೊಡ್ಡ ಕೃತಿ, ಅದನ್ನು ಭೂಮಿಯ ಕತೆಯೆಂದಷ್ಟೇ ಓದಿದರೆ ಅರ್ಧ ಓದಿದಂತೆ. ದುಡಿಯ ಸದ್ದು ಜೋರಾಗಿದೆ, ನಿಜ. ಅದರ ಹಿಂದೆ ಸದ್ದಿಲ್ಲದೆ ಸಾಲ ತೀರಿಸಿದವಳನ್ನು ಕೇಳಿಸಿಕೊಳ್ಳುವುದು ಓದುವವರ, ಅದರಲ್ಲೂ ಓದುವ ಹೆಂಗಸರ ಜವಾಬ್ದಾರಿ. ಜೇಕಬ್ಸ್ ಹೆದರಿದ್ದು ನಮಗೆ. ನಂಬಿ ಬರೆದದ್ದೂ ನಮ್ಮನ್ನೇ.

ಈಗ ಕಾದಂಬರಿಯ ಕತೆಯನ್ನು ಮಕ್ಕಳಿಗೆ ಹೇಳುವಾಗ ಕೊನೆಯಲ್ಲಿ 'ಚೋಮನ ಸಾಲವನ್ನು ತೀರಿಸಿದವರು ಯಾರು?' ಎಂದು ಕೇಳುತ್ತೇನೆ. ಮೊದಲು ಎಲ್ಲರೂ ಸುಮ್ಮನಿರುತ್ತಾರೆ. ಆಮೇಲೆ ಯಾರೋ ಒಬ್ಬಳು ಎದ್ದು ನಿಲ್ಲುತ್ತಾಳೆ. ಹಾಜರಿ ಪುಸ್ತಕದಲ್ಲಿ 'ದೀರ್ಘ ಗೈರುಹಾಜರಿ' ಎಂದು ಬರೆಯುವ ಮುನ್ನ ಮಗುವಿನ ಮನೆಗೆ ಹೋಗಿ, ಯಾರ ಹತ್ತಿರ ಎಷ್ಟು ಅಡ್ವಾನ್ಸ್ ತಗೊಂಡಿದ್ದೀರಿ ಎಂದು ಕೇಳುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. ಆಗಲಿ. ಕೆಂಪು ಶಾಯಿಯ ಪೆನ್ನನ್ನು ಅಷ್ಟು ಸುಲಭವಾಗಿ ನಾನು ಮತ್ತೆ ಎತ್ತಿಕೊಂಡಿಲ್ಲ.